ಜೀನೋನ ಓಟವನ್ನು ಲೆಕ್ಕಕ್ಕೆ ಇಳಿಸುವ ಬಗೆ: ಅನಂತ, ಸಾತತ್ಯ ಮತ್ತು ಚಲನೆಗೆ ಒಂದು ಕೈಪಿಡಿ

ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ, ಇಂದಿನ ದಕ್ಷಿಣ ಇಟಲಿಯಲ್ಲಿದ್ದ ಎಲಿಯಾ ಎಂಬ ಗ್ರೀಕ್ ಪಟ್ಟಣದ ಜೀನೋ, ಚಲನೆ ಸಾಧ್ಯವೇ ಇಲ್ಲವೆಂದು ತೋರಿಸುವ ಕೆಲವು ವಾದಗಳನ್ನು ಹೂಡಿದನು. ಅವನ ಗ್ರಂಥ ಉಳಿದಿಲ್ಲ. ಅರಿಸ್ಟಾಟಲನು ಅವುಗಳನ್ನು ಖಂಡಿಸುವ ಸಲುವಾಗಿ ತನ್ನ ಭೌತಶಾಸ್ತ್ರ ಗ್ರಂಥದಲ್ಲಿ ಸಂಗ್ರಹವಾಗಿ ಹೇಳಿದ್ದರಿಂದ ಅವು ನಮಗೆ ತಿಳಿದಿವೆ. ಅವುಗಳಲ್ಲಿ ಎರಡು ಹೆಚ್ಚು ಹೆಸರಾದವು. ಓಟದಲ್ಲಿ ಸ್ವಲ್ಪ ಮುಂದಿನಿಂದ ಹೊರಟ ಆಮೆಯನ್ನು ಅಕಿಲಿಸ್ ಎಂಬ ವೀರನು ಎಂದಿಗೂ ಹಿಡಿಯಲಾರನು ಎಂಬುದು ಒಂದು. ಹಾರುತ್ತಿರುವ ಬಾಣವು ಪ್ರತಿಯೊಂದು ಕ್ಷಣದಲ್ಲಿಯೂ ನಿಂತೇ ಇರುತ್ತದೆ ಎಂಬುದು ಇನ್ನೊಂದು.

ಈ ವಾದಗಳನ್ನು ಓದಿ ಬೆರಗಾಗುವುದು ಸುಲಭ, ‘ಕಲನಶಾಸ್ತ್ರ (ಕ್ಯಾಲ್ಕುಲಸ್) ಇದನ್ನೆಲ್ಲ ಬಗೆಹರಿಸಿದೆ’ ಎಂದು ಹೇಳಿ ಮುಂದೆ ಹೋಗುವುದು ಇನ್ನೂ ಸುಲಭ. ಎಲ್ಲಿ, ಯಾವ ಹೆಜ್ಜೆಯಲ್ಲಿ, ಹೇಗೆ ಬಗೆಹರಿಯಿತು ಎಂಬುದನ್ನು ಓದುಗರು ತಮ್ಮ ಕೈಯಿಂದಲೇ ಲೆಕ್ಕ ಹಾಕಿ ಕಾಣಬೇಕೆಂಬುದು ಈ ಬರಹದ ಉದ್ದೇಶ. ಕಾಗದ, ಪೆನ್ಸಿಲ್, ಒಂದು ಸಾಧಾರಣ ಕ್ಯಾಲ್ಕುಲೇಟರ್ ಮತ್ತು ಹೈಸ್ಕೂಲಿನ ಬೀಜಗಣಿತ ಇದ್ದರೆ ಸಾಕು. ಉದ್ದಕ್ಕೂ ಪಾಲಿಸಬೇಕಾದ ನಿಯಮ ಒಂದೇ: ವಾಕ್ಯದಲ್ಲಿ ‘ಅನಂತ’ ಅಥವಾ ‘ಎಂದಿಗೂ’ ಎಂಬ ಮಾತು ಬಂದ ಕೂಡಲೇ ಅಲ್ಲಿ ನಿಂತು, ಆ ಮಾತನ್ನು ತೆಗೆದು, ‘ಎಷ್ಟು ಹತ್ತಿರ ಬೇಕು, ಅದಕ್ಕೆ ಎಷ್ಟು ಹಂತ ಸಾಕು’ ಎಂಬ ಪ್ರಶ್ನೆಯನ್ನು ಇಟ್ಟು ನೋಡಬೇಕು.

ಮೊದಲ ಕೆಲಸ: ಕಾಲಕ್ಕೊಂದು ಕಂಬಸಾಲು

ಕಾಗದದ ಮೇಲೆ ಎರಡು ಕಂಬಸಾಲುಗಳನ್ನು ಎಳೆದುಕೊಳ್ಳಿ. ಒಂದರ ತಲೆಯಲ್ಲಿ ‘ದೂರ’ ಎಂದೂ ಇನ್ನೊಂದರ ತಲೆಯಲ್ಲಿ ‘ಕಾಲ’ ಎಂದೂ ಬರೆಯಿರಿ. ಜೀನೋನ ವಾದವನ್ನು ಬಾಯಲ್ಲಿ ಹೇಳುವಾಗ ಎರಡನೆಯ ಕಂಬಸಾಲು ಯಾವಾಗಲೂ ಬಿಟ್ಟುಹೋಗುತ್ತದೆ, ವಾದದ ಬಲವೆಲ್ಲ ಆ ಬಿಟ್ಟುಹೋದ ಕಂಬಸಾಲಿನಲ್ಲಿಯೇ ಇದೆ.

ಅಕಿಲಿಸನ ವೇಗ ಸೆಕೆಂಡಿಗೆ 10 ಮೀಟರ್, ಆಮೆಯ ವೇಗ ಸೆಕೆಂಡಿಗೆ 1 ಮೀಟರ್, ಆಮೆಗೆ ಮೊದಲೇ ಬಿಟ್ಟುಕೊಟ್ಟ ದೂರ 90 ಮೀಟರ್ ಎಂದು ಇಟ್ಟುಕೊಳ್ಳೋಣ. ಇಷ್ಟು ಚುರುಕಾದ ಆಮೆ ಎಲ್ಲಿಯೂ ಇಲ್ಲ, ಆದರೆ ಅಂಕಿಗಳು ಹಸನಾಗಿ ಬರುತ್ತವೆ. ಆಮೆ ಹೊರಟ ಜಾಗವನ್ನು ಅಕಿಲಿಸ್ ಮುಟ್ಟಲು 9 ಸೆಕೆಂಡು ಬೇಕು. ಅಷ್ಟರಲ್ಲಿ ಆಮೆ 9 ಮೀಟರ್ ಮುಂದೆ ಹೋಗಿರುತ್ತದೆ. ಆ 9 ಮೀಟರ್ ಓಡಲು 0.9 ಸೆಕೆಂಡು, ಅಷ್ಟರಲ್ಲಿ ಆಮೆ ಇನ್ನೂ 0.9 ಮೀಟರ್ ಮುಂದೆ. ಹೀಗೆ ದೂರದ ಕಂಬಸಾಲಿನಲ್ಲಿ 90, 9, 0.9, 0.09 ಎಂದೂ ಕಾಲದ ಕಂಬಸಾಲಿನಲ್ಲಿ 9, 0.9, 0.09, 0.009 ಎಂದೂ ಇಳಿಯುತ್ತ ಹೋಗುತ್ತವೆ. ಈಗ ಕಾಲದ ಕಂಬಸಾಲನ್ನು ಮೇಲಿನಿಂದ ಕೂಡಿಸುತ್ತ ಬನ್ನಿ: 9, 9.9, 9.99, 9.999. ಎಷ್ಟು ಹಂತ ಕೂಡಿಸಿದರೂ ಮೊತ್ತ 10ನ್ನು ದಾಟುವುದಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಜೀನೋ ಪಟ್ಟಿ ಮಾಡುವ ಹಂತಗಳೆಲ್ಲವೂ 10 ಸೆಕೆಂಡಿಗೆ ಮುಂಚಿನವು. ಆ ಪಟ್ಟಿಯ ಯಾವ ಹಂತದಲ್ಲಿಯೂ ಅಕಿಲಿಸ್ ಆಮೆಯನ್ನು ಹಿಡಿದಿರುವುದಿಲ್ಲ ಎಂಬುದು ಸಂಪೂರ್ಣ ಸತ್ಯ. ಆದರೆ ‘ಪಟ್ಟಿಯ ಯಾವ ಹಂತದಲ್ಲಿಯೂ ಇಲ್ಲ’ ಎಂಬುದರಿಂದ ‘ಯಾವ ಕಾಲದಲ್ಲಿಯೂ ಇಲ್ಲ’ ಎಂಬಲ್ಲಿಗೆ ಹಾರುವಂತಿಲ್ಲ, ಏಕೆಂದರೆ ಹಂತದ ಕ್ರಮಸಂಖ್ಯೆ ಕಾಲವಲ್ಲ. ಹಂತಗಳ ಪಟ್ಟಿಗೆ ಕೊನೆಯಿಲ್ಲ. ಆ ಪಟ್ಟಿ ಆವರಿಸುವ ಕಾಲಕ್ಕೆ ಮಾತ್ರ ಕೊನೆಯಿದೆ.

ಒಂದೇ ದಾರಿ, ಮೂವರು ನಡಿಗೆಗಾರರು

ಕಾಲದ ಕಂಬಸಾಲು ಎಷ್ಟು ಮುಖ್ಯ ಎಂಬುದನ್ನು ಮನಗಾಣಲು ಜೀನೋನ ಇನ್ನೊಂದು ವಾದವನ್ನು ತೆಗೆದುಕೊಳ್ಳಿ. 100 ಮೀಟರ್ ನಡೆಯಬೇಕಾದವನು ಮೊದಲು ಅರ್ಧ ದಾರಿ ನಡೆಯಬೇಕು, ಆಮೇಲೆ ಉಳಿದುದರ ಅರ್ಧ, ಆಮೇಲೆ ಅದರಲ್ಲಿ ಉಳಿದುದರ ಅರ್ಧ. ಆದ್ದರಿಂದ ಅವನು ಗುರಿ ಮುಟ್ಟುವುದಿಲ್ಲ ಎಂಬುದು ಆ ವಾದ. ದೂರದ ಕಂಬಸಾಲಿನಲ್ಲಿ 50, 25, 12.5, 6.25 ಎಂದು ಬರೆಯಿರಿ. ಈ ಒಂದೇ ದೂರದ ಕಂಬಸಾಲಿನ ಪಕ್ಕದಲ್ಲಿ ಮೂರು ಬೇರೆ ಬೇರೆ ಕಾಲದ ಕಂಬಸಾಲುಗಳನ್ನು ಬರೆದು ನೋಡುವುದು ನಾನು ಕಂಡ ಮಟ್ಟಿಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವ ಅಭ್ಯಾಸ.

ಮೊದಲನೆಯವನು ಸಮವೇಗದಲ್ಲಿ ನಡೆಯುತ್ತಾನೆ. ಮೊದಲ 50 ಮೀಟರಿಗೆ 1 ನಿಮಿಷ, ಮುಂದಿನ 25ಕ್ಕೆ 1/2 ನಿಮಿಷ, ಆಮೇಲೆ 1/4, 1/8. ಈ ಕಾಲಗಳ ಮೊತ್ತ 2 ನಿಮಿಷವನ್ನು ಮೀರದು. ಎರಡನೆಯ ನಿಮಿಷ ತುಂಬಿದಾಗ ಅವನು ಗುರಿಯಲ್ಲಿರುತ್ತಾನೆ.

ಎರಡನೆಯವನು ದಣಿಯುವವನು. ಪ್ರತಿ ಹಂತಕ್ಕೂ ಅವನು ಸರಿಯಾಗಿ 1 ನಿಮಿಷ ತೆಗೆದುಕೊಳ್ಳುತ್ತಾನೆ, ಅಂದರೆ ಹಂತದಿಂದ ಹಂತಕ್ಕೆ ಅವನ ವೇಗ ಅರ್ಧವಾಗುತ್ತದೆ. ಹತ್ತು ನಿಮಿಷಗಳ ನಂತರ ಉಳಿದ ದೂರ 100ನ್ನು 1024ರಿಂದ ಭಾಗಿಸಿದಷ್ಟು, ಎಂದರೆ 10 ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಆದರೂ ಯಾವ ನಿಮಿಷದಲ್ಲಿಯೂ ಅವನು ಗುರಿಯನ್ನು ಮುಟ್ಟುವುದಿಲ್ಲ. ಇವನ ವಿಷಯದಲ್ಲಿ ಜೀನೋ ಹೇಳಿದ್ದೇ ನಿಜ.

ಮೂರನೆಯವನು ಕಣ್ಣಿಗೆ ಮೊದಲನೆಯವನಂತೆ ಕಾಣುತ್ತಾನೆ, ಏಕೆಂದರೆ ಅವನ ಹಂತಗಳ ಕಾಲವೂ ಕುಗ್ಗುತ್ತಲೇ ಹೋಗುತ್ತದೆ: 1 ನಿಮಿಷ, 1/2, 1/3, 1/4, 1/5. ಈ ಸಾಲನ್ನು ಹೀಗೆ ಗುಂಪು ಮಾಡಿ: 1/3 ಮತ್ತು 1/4 ಸೇರಿದರೆ 1/2ಕ್ಕಿಂತ ಹೆಚ್ಚು, 1/5ರಿಂದ 1/8ರ ವರೆಗಿನ ನಾಲ್ಕು ಸೇರಿದರೆ ಮತ್ತೆ 1/2ಕ್ಕಿಂತ ಹೆಚ್ಚು, 1/9ರಿಂದ 1/16ರ ವರೆಗಿನ ಎಂಟು ಸೇರಿದರೆ ಮತ್ತೂ ಒಂದು 1/2ಕ್ಕಿಂತ ಹೆಚ್ಚು. ಅರ್ಧಗಳು ಮುಗಿಯದೆ ಸಿಗುತ್ತಲೇ ಇರುವುದರಿಂದ ಮೊತ್ತವು ನೀವು ಹೇಳುವ ಯಾವ ಸಂಖ್ಯೆಯನ್ನಾದರೂ ದಾಟುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಫ್ರಾನ್ಸಿನ ನಿಕೊಲ್ ಒರೆಮ್ ಕೊಟ್ಟ ಸಾಧನೆ (ಗಣಿತದ ಪುರಾವೆ) ಇದು. ಇದಕ್ಕಿಂತ ಚೊಕ್ಕವಾದದ್ದು ಇಂದಿಗೂ ಸಿಗುವುದು ಕಷ್ಟ. ಮೊತ್ತ ಬೆಳೆಯುವುದು ಮಾತ್ರ ಬಹಳ ನಿಧಾನ: 10ನ್ನು ದಾಟಲು 12,367 ಪದಗಳನ್ನು ಕೂಡಿಸಬೇಕು. ಹಂತಗಳು ಕುಗ್ಗುತ್ತಿದ್ದರೂ ಈ ಮೂರನೆಯವನು ಗುರಿ ಮುಟ್ಟುವುದಿಲ್ಲ.

ಆದ್ದರಿಂದ ‘ಹಂತಗಳು ಚಿಕ್ಕದಾಗುತ್ತ ಹೋಗುವುದರಿಂದ ಮೊತ್ತ ಸಾಂತವಾಗುತ್ತದೆ, ಅಂದರೆ ಒಂದು ಮಿತಿಯೊಳಗೆ ನಿಲ್ಲುತ್ತದೆ’ ಎಂದು ಜೀನೋನಿಗೆ ಉತ್ತರಿಸುವುದು ತಪ್ಪು. ಜನಪ್ರಿಯ ವಿವರಣೆಗಳಲ್ಲಿ ಈ ಉತ್ತರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮೂವರಿಗೂ ದೂರದ ಕಂಬಸಾಲು ಒಂದೇ. ಒಬ್ಬ ಮುಟ್ಟುತ್ತಾನೆ, ಇಬ್ಬರು ಮುಟ್ಟುವುದಿಲ್ಲ. ದೂರವನ್ನು ಮಾತ್ರ ನೋಡುವ ವಾದ ಈ ಮೂವರನ್ನು ಬೇರ್ಪಡಿಸಲಾರದು, ಬೇರ್ಪಡಿಸಲಾರದ ವಾದ ಮೂವರ ಬಗ್ಗೆಯೂ ಒಂದೇ ತೀರ್ಪನ್ನು ಕೊಡುವ ಅಧಿಕಾರವನ್ನು ಪಡೆದಿಲ್ಲ.

ಅನಂತ ಮೊತ್ತವನ್ನು ನಂಬುವ ಮೊದಲು

9 + 0.9 + 0.09 + … ಎಂಬ ಮೊತ್ತ ಸರಿಯಾಗಿ 10 ಎಂದು ಹೇಳುವಾಗ ಏನನ್ನು ಹೇಳಿದಂತಾಯಿತು? ಶಾಲೆಯಲ್ಲಿ ಒಂದು ಚುರುಕು ದಾರಿ ಹೇಳಿಕೊಡುತ್ತಾರೆ: ಮೊತ್ತವನ್ನು ‘ಮ’ ಎನ್ನಿ; ಮೊದಲ ಪದವನ್ನು ಬಿಟ್ಟರೆ ಉಳಿದದ್ದು ಮೊತ್ತದ ಹತ್ತನೆಯ ಒಂದು ಭಾಗ; ಆದ್ದರಿಂದ ಮ = 9 + ಮ/10, ಅಂದರೆ ಮ = 10. ಉತ್ತರ ಸರಿ, ದಾರಿ ಅಪಾಯಕಾರಿ. ಇದೇ ದಾರಿಯನ್ನು 1 + 2 + 4 + 8 + … ಎಂಬುದಕ್ಕೆ ಹಿಡಿದರೆ ಮ = 1 + 2ಮ ಎಂದಾಗಿ ಮ = −1 ಎಂದು ಬರುತ್ತದೆ. ಧನಸಂಖ್ಯೆಗಳನ್ನೇ ಕೂಡಿಸಿ ಋಣಸಂಖ್ಯೆ ಪಡೆದಂತಾಯಿತು. ಮೊತ್ತ ಎಂಬುದೊಂದು ಇದೆಯೇ ಎಂದು ಕೇಳದೆ ಅದಕ್ಕೆ ಹೆಸರಿಟ್ಟದ್ದೇ ಇಲ್ಲಿನ ಎಡವಟ್ಟು.

ಸರಿಯಾದ ವಿಧಾನದಲ್ಲಿ ಎರಡು ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರ ಬೇಕು. ಮೊತ್ತವು ಈ ಸಂಖ್ಯೆಯ ವರೆಗೆ ಮಾತ್ರ ಬೆಳೆಯುತ್ತದೆ, ಮೀರುವುದಿಲ್ಲ ಎಂದು ಹೇಗೆ ಗೊತ್ತು? ಅಷ್ಟರ ವರೆಗೆ ನಿಜವಾಗಿಯೂ ಬೆಳೆಯುತ್ತದೆ, ಮಧ್ಯದಲ್ಲಿಯೇ ನಿಲ್ಲುವುದಿಲ್ಲ ಎಂದು ಹೇಗೆ ಗೊತ್ತು? ಈ ಎರಡು ಪ್ರಶ್ನೆಗಳನ್ನು ಹೀಗೆಯೇ ಬಿಡಿಸಿ ಕೇಳಿದವರಲ್ಲಿ ಕೇರಳದ ಗಣಿತ ಪರಂಪರೆಯ ನೀಲಕಂಠ ಸೋಮಯಾಜಿಯೂ ಒಬ್ಬ. ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಅವನು 1/4 + 1/16 + 1/64 + … ಎಂಬ ಶ್ರೇಢಿಯ ಮೊತ್ತ 1/3 ಎಂದು ತೋರಿಸುವಾಗ ಈ ಪ್ರಶ್ನೆಗಳನ್ನು ಎತ್ತಿ ಉತ್ತರಿಸುತ್ತಾನೆ. ಅದೇ ಶ್ರೇಢಿಯನ್ನು ಆರ್ಕಿಮಿಡೀಸನು ಪರವಲಯದ ಕ್ಷೇತ್ರಫಲ ಕಂಡುಹಿಡಿಯಲು ಬಳಸಿದ್ದನು, ಅವನೂ ಅನಂತ ಪದಗಳನ್ನು ಒಮ್ಮೆಗೇ ಕೂಡಿಸದೆ ಸಾಂತ ಪದಗಳ ಲೆಕ್ಕದಿಂದಲೇ ಸಾಧಿಸಿದನು.

ನಮ್ಮ ಓಟಕ್ಕೆ ಈ ಎರಡು ಪ್ರಶ್ನೆಗಳನ್ನು ಅನ್ವಯಿಸಿ. ಮೊದಲ ಹಂತ ಮುಗಿದಾಗ 10ಕ್ಕೆ ಉಳಿದದ್ದು 1, ಎರಡನೆಯದು ಮುಗಿದಾಗ 0.1, ಮೂರನೆಯದು ಮುಗಿದಾಗ 0.01. ಪ್ರತಿ ಹಂತದಲ್ಲಿಯೂ ಉಳಿಕೆ ಧನಾತ್ಮಕವಾಗಿರುವುದರಿಂದ 10ನ್ನು ಮೀರುವ ಮಾತಿಲ್ಲ. ಮೊದಲ ಪ್ರಶ್ನೆ ಮುಗಿಯಿತು. ಎರಡನೆಯದಕ್ಕೆ ಎದುರಾಳಿಯೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನು ‘10ಕ್ಕೆ 0.001ಕ್ಕಿಂತ ಹತ್ತಿರ ಬಾ’ ಎಂದರೆ ನೀವು ‘ಐದು ಹಂತ ಸಾಕು’ ಎನ್ನುವಿರಿ, ಏಕೆಂದರೆ ಐದನೆಯ ಹಂತದ ಉಳಿಕೆ 0.0001. ಅವನು ಹತ್ತು ಲಕ್ಷದ ಒಂದು ಭಾಗಕ್ಕಿಂತ ಹತ್ತಿರ ಕೇಳಿದರೆ ‘ಎಂಟು ಹಂತ’. ಅವನು ಎಷ್ಟೇ ಚಿಕ್ಕ ಸಂಖ್ಯೆಯನ್ನು ಮುಂದಿಟ್ಟರೂ ನಿಮ್ಮ ಬಳಿ ಒಂದು ಉತ್ತರವಿರುತ್ತದೆ, ಆ ಹಂತದ ನಂತರದ ಎಲ್ಲ ಹಂತಗಳೂ ಆ ಮಿತಿಯೊಳಗೇ ಉಳಿಯುತ್ತವೆ. ‘ಅನಂತ ಪದಗಳ ಮೊತ್ತ 10’ ಎಂಬ ವಾಕ್ಯದ ಅರ್ಥ ಇಷ್ಟೇ, ಇದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಯಾರೂ ಅನಂತ ಸಂಖ್ಯೆಯ ಕೂಡಿಕೆಗಳನ್ನು ಮಾಡಿ ಮುಗಿಸಬೇಕಾಗಿಲ್ಲ. 0.999… ಎಂಬುದು 1ಕ್ಕೆ ಸಮ ಎಂಬ ಹೇಳಿಕೆಯನ್ನು ಒಪ್ಪಲು ಕಷ್ಟಪಡುವವರು ಕಾಲದ ಕಂಬಸಾಲನ್ನು 10ರಿಂದ ಭಾಗಿಸಿ ನೋಡಬಹುದು. ಎರಡೂ ಒಂದೇ ಲೆಕ್ಕ.

ಹತ್ತನೆಯ ಸೆಕೆಂಡಿನಲ್ಲಿ ಏನಾಗುತ್ತದೆ

ಇನ್ನೂ ಒಂದು ಕಂದಕ ಉಳಿದಿದೆ, ಅದನ್ನು ಹಾರಿ ಹೋಗಬಾರದು. ಹಂತಗಳೆಲ್ಲವೂ 10 ಸೆಕೆಂಡಿಗೆ ಮುಂಚಿನವು ಎಂದೆವು. ಹಾಗಾದರೆ 10ನೆಯ ಸೆಕೆಂಡಿನಲ್ಲಿಯೇ ಅಕಿಲಿಸ್ ಎಲ್ಲಿದ್ದಾನೆ ಎಂಬುದನ್ನು ಹಂತಗಳ ಪಟ್ಟಿ ಹೇಳುವುದಿಲ್ಲ. ಅವನ ಸ್ಥಾನಗಳು 90, 99, 99.9, 99.99 ಎಂದು 100ರ ಕಡೆಗೆ ಸಾಗುತ್ತಿವೆ. ಆದರೆ 10ನೆಯ ಸೆಕೆಂಡಿನಲ್ಲಿ ಅವನು 100 ಮೀಟರಿನಲ್ಲಿಯೇ ಇರುತ್ತಾನೆ, ಬೇರೆಲ್ಲಿಯೋ ಪ್ರತ್ಯಕ್ಷನಾಗುವುದಿಲ್ಲ ಎಂದು ಹೇಳಲು ಇನ್ನೊಂದು ಆಧಾರ ಬೇಕು. ಆ ಆಧಾರದ ಹೆಸರೇ ಸಾತತ್ಯ, ಅಂದರೆ ನಡುವೆ ಎಲ್ಲಿಯೂ ಜಿಗಿಯದೆ ಸಾಗುವ ಗುಣ.

ಆಧಾರವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1954ರಲ್ಲಿ ಜೇಮ್ಸ್ ಥಾಮ್ಸನ್ ಎಂಬ ತತ್ತ್ವಜ್ಞಾನಿ ಮುಂದಿಟ್ಟ ದೀಪದ ಒಗಟು ತೋರಿಸುತ್ತದೆ. ದೀಪವನ್ನು 1 ನಿಮಿಷ ಹೊತ್ತಿಸಿಡಿ, ಮುಂದಿನ 1/2 ನಿಮಿಷ ಆರಿಸಿಡಿ, ಆಮೇಲೆ 1/4 ನಿಮಿಷ ಹೊತ್ತಿಸಿ, 1/8 ನಿಮಿಷ ಆರಿಸಿ. ಎರಡನೆಯ ನಿಮಿಷ ತುಂಬಿದಾಗ ದೀಪ ಹೊತ್ತಿದೆಯೇ, ಆರಿದೆಯೇ? ನಡಿಗೆಗಾರನ ಲೆಕ್ಕಕ್ಕೂ ಇದಕ್ಕೂ ಕಾಲದ ಕಂಬಸಾಲು ಒಂದೇ. ಆದರೆ ಹೊತ್ತಿದ್ದಕ್ಕೆ 1, ಆರಿದ್ದಕ್ಕೆ 0 ಎಂದು ಬರೆದರೆ 1, 0, 1, 0 ಎಂಬ ಸಾಲು ಯಾವ ಸಂಖ್ಯೆಯನ್ನೂ ಸಮೀಪಿಸುವುದಿಲ್ಲ. ಎರಡು ನಿಮಿಷಕ್ಕೆ ಮುಂಚಿನ ನಿಯಮಗಳು ಎರಡನೆಯ ನಿಮಿಷದ ಸ್ಥಿತಿಯನ್ನು ನಿರ್ಧರಿಸುವುದೇ ಇಲ್ಲ. ಹೊತ್ತಿದೆ ಎಂದರೂ ವಿರೋಧವಿಲ್ಲ, ಆರಿದೆ ಎಂದರೂ ವಿರೋಧವಿಲ್ಲ. ಇಲ್ಲಿ ವಿರೋಧಾಭಾಸ ಇದೆಯೆಂದು ಅನ್ನಿಸುವುದಕ್ಕೆ ಕಾರಣ, ಎಲ್ಲ ಪ್ರಕ್ರಿಯೆಗಳೂ ಸಾತತ್ಯವನ್ನು ಹೊಂದಿರುತ್ತವೆ ಎಂಬ ನಮ್ಮ ಮೌನ ಊಹೆ.

ಸಾತತ್ಯವನ್ನು ಪರೀಕ್ಷಿಸುವ ವಿಧಾನಕ್ಕೆ ಒಂದು ನಿಜವಾದ ಲೆಕ್ಕ ಮಾಡೋಣ. ಮೇಲಿನಿಂದ ಬಿಟ್ಟ ಕಲ್ಲು ಸುಮಾರಾಗಿ, ಕಾಲದ ವರ್ಗವನ್ನು 5ರಿಂದ ಗುಣಿಸಿದಷ್ಟು ಮೀಟರ್ ಬೀಳುತ್ತದೆ. ಗುರುತ್ವ ವೇಗೋತ್ಕರ್ಷ 9.8 ಇರುವಲ್ಲಿ ಲೆಕ್ಕದ ಅನುಕೂಲಕ್ಕೆ 10 ಎಂದು ಹಿಡಿದಿದ್ದೇನೆ. 2ನೆಯ ಸೆಕೆಂಡಿನಲ್ಲಿ ಕಲ್ಲು 20 ಮೀಟರ್ ಬಿದ್ದಿರುತ್ತದೆ. ಎದುರಾಳಿ ಒಂದು ಚಿಕ್ಕ ಅಂತರವನ್ನು, ರೂಢಿಯಲ್ಲಿ ಎಪ್ಸಿಲಾನ್ ಎನ್ನುವುದನ್ನು, ಮುಂದಿಡುತ್ತಾನೆ: ಸ್ಥಾನವು 20ರಿಂದ ಅಷ್ಟಕ್ಕಿಂತ ಕಡಿಮೆ ದೂರದಲ್ಲಿರಬೇಕು. ನೀವು 2ನೆಯ ಸೆಕೆಂಡಿನ ಸುತ್ತ ಒಂದು ಕಾಲದ ಅಂತರವನ್ನು, ಡೆಲ್ಟಾವನ್ನು, ಕೊಡಬೇಕು. ಕಾಲವನ್ನು ‘ಕ’ ಎಂದರೆ ಸ್ಥಾನದ ವ್ಯತ್ಯಾಸವು 5, (ಕ − 2) ಮತ್ತು (ಕ + 2) ಈ ಮೂರರ ಗುಣಲಬ್ಧ. ಮೊದಲು ‘ಕ’ವನ್ನು 1 ಮತ್ತು 3ರ ನಡುವೆ ಕಟ್ಟಿಹಾಕಿ; ಆಗ (ಕ + 2) ಎಂಬುದು 5ಕ್ಕಿಂತ ಕಡಿಮೆ, ಒಟ್ಟು ವ್ಯತ್ಯಾಸ (ಕ − 2)ರ 25 ಪಟ್ಟಿಗಿಂತ ಕಡಿಮೆ. ಆದ್ದರಿಂದ ಎಪ್ಸಿಲಾನನ್ನು 25ರಿಂದ ಭಾಗಿಸಿ ಬಂದದ್ದು ಮತ್ತು 1, ಇವೆರಡರಲ್ಲಿ ಚಿಕ್ಕದನ್ನು ಡೆಲ್ಟಾ ಎಂದು ಕೊಟ್ಟರೆ ಸಾಕು. ಎಪ್ಸಿಲಾನ್ 0.5 ಆದರೆ ಡೆಲ್ಟಾ 0.02. ಕ್ಯಾಲ್ಕುಲೇಟರಿನಲ್ಲಿ 2.02ರ ವರ್ಗವನ್ನು 5ರಿಂದ ಗುಣಿಸಿ, 20.402 ಬರುತ್ತದೆ, ಮಿತಿಯೊಳಗೇ ಇದೆ.

ಈ ರೀತಿಯ ವ್ಯಾಖ್ಯೆ ತಯಾರಾಗಲು ಬಹಳ ಕಾಲ ಹಿಡಿಯಿತು. 1817ರಲ್ಲಿ ಪ್ರಾಗ್ ನಗರದ ಬೊಲ್ಜಾನೊ, 1821ರಲ್ಲಿ ಪ್ಯಾರಿಸಿನ ಕೋಶಿ ಇದಕ್ಕೆ ತಳಹದಿ ಹಾಕಿದರು. ಇಂದು ನಾವು ಬಳಸುವ ರೂಪ ನೆಲೆಗೊಂಡದ್ದು ಬರ್ಲಿನ್ನಿನಲ್ಲಿ ವೈಯರ್‌ಸ್ಟ್ರಾಸ್ ಮಾಡುತ್ತಿದ್ದ ಪಾಠಗಳಿಂದ.

ಬೊಲ್ಜಾನೊ ಸಾಧಿಸಲು ಹೊರಟದ್ದು, ಸಾಧಿಸುವ ಅಗತ್ಯವೇ ಇಲ್ಲವೆಂದು ತೋರುವ ಒಂದು ಮಾತನ್ನು: ಶೂನ್ಯದ ಕೆಳಗಿನಿಂದ ಮೇಲಕ್ಕೆ ಸಾತತ್ಯದಿಂದ ಸಾಗುವ ವಸ್ತು ಮಧ್ಯೆ ಎಲ್ಲಿಯೋ ಶೂನ್ಯವನ್ನು ಮುಟ್ಟಲೇಬೇಕು. ಇದು ಏಕೆ ಸಾಧಿಸಬೇಕಾದ ಮಾತು ಎಂಬುದನ್ನು ನಮ್ಮ ಕಲ್ಲಿನಿಂದಲೇ ಅರಿಯಬಹುದು. ಕಲ್ಲು 10 ಮೀಟರ್ ಬೀಳುವುದು ಯಾವಾಗ? ಕಾಲದ ವರ್ಗ 2 ಆದಾಗ, ಅಂದರೆ 2ರ ವರ್ಗಮೂಲದಷ್ಟು ಸೆಕೆಂಡಿನಲ್ಲಿ. ಇದು ಅಭಾಗಲಬ್ಧ ಸಂಖ್ಯೆ. ಕಾಲವು ಭಾಗಲಬ್ಧ ಸಂಖ್ಯೆಗಳಿಂದ ಮಾತ್ರ ಕೂಡಿದ್ದು ಎಂದುಕೊಂಡರೆ, 1.414ನೆಯ ಸೆಕೆಂಡಿನಲ್ಲಿ ಕಲ್ಲು 10 ಮೀಟರಿಗೆ ಮುಂಚೆಯೂ 1.415ನೆಯ ಸೆಕೆಂಡಿನಲ್ಲಿ ಅದರಾಚೆಯೂ ಇರುತ್ತದೆ, ಆದರೆ ಸರಿಯಾಗಿ 10 ಮೀಟರಿನಲ್ಲಿ ಯಾವ ಕ್ಷಣದಲ್ಲಿಯೂ ಇರುವುದಿಲ್ಲ. ಯಾವ ಎರಡು ಭಾಗಲಬ್ಧ ಸಂಖ್ಯೆಗಳ ನಡುವೆಯೂ ಇನ್ನೊಂದು ಭಾಗಲಬ್ಧ ಸಂಖ್ಯೆ ಇದ್ದೇ ಇರುವುದರಿಂದ ಅವು ಒತ್ತೊತ್ತಾಗಿವೆ. ಹಾಗಿದ್ದೂ ನಡುವೆ ಬಿರುಕುಗಳಿವೆ. ದಟ್ಟವಾಗಿರುವುದು ಬೇರೆ, ಬಿರುಕಿಲ್ಲದಿರುವುದು ಬೇರೆ. 1872ರಲ್ಲಿ ಜರ್ಮನ್ ಗಣಿತಜ್ಞ ಡೆಡೆಕಿಂಡ್ ಪ್ರಕಟಿಸಿದ ವಾಸ್ತವ ಸಂಖ್ಯೆಗಳ ರಚನೆ ಈ ಬಿರುಕುಗಳನ್ನು ತುಂಬುವ ಕೆಲಸವನ್ನೇ ಮಾಡಿತು.

ಸಾತತ್ಯ ಇದ್ದರೆ ಎಷ್ಟು ಕಡಿಮೆ ಮಾಹಿತಿಯಿಂದ ಎಷ್ಟು ತಿಳಿಯಬಹುದು ಎಂಬುದಕ್ಕೆ ಹಳೆಯ ಲೆಕ್ಕವೊಂದಿದೆ. ಒಬ್ಬನು ಬೆಳಿಗ್ಗೆ 6ಕ್ಕೆ ಬೆಟ್ಟ ಹತ್ತಲು ಹೊರಟು ಸಂಜೆ 6ಕ್ಕೆ ತುದಿ ತಲುಪುತ್ತಾನೆ. ಮರುದಿನ ಅದೇ ಹೊತ್ತುಗಳಲ್ಲಿ ಅದೇ ದಾರಿಯಲ್ಲಿ ಇಳಿಯುತ್ತಾನೆ. ಎರಡೂ ದಿನ ಒಂದೇ ಹೊತ್ತಿನಲ್ಲಿ ಒಂದೇ ಜಾಗದಲ್ಲಿದ್ದ ಕ್ಷಣ ಒಂದಾದರೂ ಇದೆಯೇ? ಬುಡದಿಂದ ಅವನಿದ್ದ ದೂರವನ್ನು ದಾರಿಯುದ್ದಕ್ಕೂ ಅಳೆದು, ಮೊದಲ ದಿನದ ದೂರದಿಂದ ಎರಡನೆಯ ದಿನದ್ದನ್ನು ಕಳೆದು ಬರೆಯಿರಿ. ಬೆಳಿಗ್ಗೆ ಅದು ಋಣಾತ್ಮಕ, ಸಂಜೆ ಧನಾತ್ಮಕ. ನಡುವೆ ಶೂನ್ಯವಾಗಲೇಬೇಕು. ಅವನು ಎಲ್ಲಿ ಕುಳಿತ, ಎಷ್ಟು ಸಲ ಹಿಂದಿರುಗಿದ ಎಂಬುದು ಬೇಕಾಗಿಲ್ಲ.

ಬಾಣದ ವಾದವನ್ನು ಎದುರಿಸುವುದು

ಬಾಣದ ವಾದ ಓಟದ ವಾದಕ್ಕಿಂತ ಗಟ್ಟಿಯಾದದ್ದು. ಒಂದು ಕ್ಷಣದಲ್ಲಿ ಬಾಣ ಒಂದೇ ಜಾಗದಲ್ಲಿರುತ್ತದೆ. ಕ್ಷಣಕ್ಕೆ ಅವಧಿಯಿಲ್ಲದ ಕಾರಣ ಅದು ಆ ಕ್ಷಣದಲ್ಲಿ ಸ್ವಲ್ಪವೂ ಸರಿಯುವುದಿಲ್ಲ. ಎಲ್ಲ ಕ್ಷಣಗಳಲ್ಲಿಯೂ ಹೀಗೆಯೇ ಆದರೆ ಅದು ಸರಿಯುವುದು ಯಾವಾಗ? ಇಲ್ಲಿ ಮೊದಲ ಎರಡು ಹೇಳಿಕೆಗಳನ್ನು ಗಣಿತ ನಿರಾಕರಿಸುವುದೇ ಇಲ್ಲ. ಅದು ನಿರಾಕರಿಸುವುದು, ಅವುಗಳಿಂದ ‘ಬಾಣ ನಿಂತಿದೆ’ ಎಂಬ ತೀರ್ಮಾನಕ್ಕೆ ಹೋಗುವುದನ್ನು. ನಿಂತಿರುವುದು ಮತ್ತು ಚಲಿಸುತ್ತಿರುವುದು ಎರಡೂ ಒಂದು ಕ್ಷಣವನ್ನು ಅದರ ನೆರೆಯ ಕ್ಷಣಗಳೊಡನೆ ಇಟ್ಟು ನೋಡಿದಾಗ ಮಾತ್ರ ಅರ್ಥ ಪಡೆಯುವ ಮಾತುಗಳು. ಬೀಳುವ ಕಲ್ಲಿನ ಛಾಯಾಚಿತ್ರವೂ ಅದೇ ಎತ್ತರದಲ್ಲಿ ಕಟ್ಟಿಟ್ಟ ಕಲ್ಲಿನ ಛಾಯಾಚಿತ್ರವೂ ಒಂದೇ ಆಗಿರುವಂತೆ, ಕ್ಷಣವೊಂದರಿಂದಲೇ ವೇಗವನ್ನು ಓದಲಾಗದು.

ಓದುವ ವಿಧಾನ ಹೀಗಿದೆ. 2ನೆಯ ಸೆಕೆಂಡಿನಿಂದ 3ನೆಯ ಸೆಕೆಂಡಿನ ವರೆಗೆ ಕಲ್ಲು 20ರಿಂದ 45 ಮೀಟರಿಗೆ ಬೀಳುತ್ತದೆ. ಸರಾಸರಿ ವೇಗ 25. 2ರಿಂದ 2.1ರ ವರೆಗೆ 20ರಿಂದ 22.05, ಸರಾಸರಿ 20.5. 2ರಿಂದ 2.01ರ ವರೆಗೆ 20.05. 2ರಿಂದ 2.001ರ ವರೆಗೆ 20.005. ಹಿಂದಿನ ಕಡೆಯಿಂದಲೂ ಲೆಕ್ಕ ಹಾಕಲು ಮರೆಯಬಾರದು: 1.9ರಿಂದ 2ರ ವರೆಗೆ 19.5, 1.99ರಿಂದ 19.95. ಅಂತರವನ್ನು ‘ಹ’ ಎಂದು ಬರೆದರೆ ಸರಾಸರಿ ವೇಗ 20 + 5ಹ. ‘ಹ’ ಋಣಾತ್ಮಕವಾದರೂ ಇದು ಸರಿ. ಇದು 20ರಿಂದ ಎಪ್ಸಿಲಾನಿಗಿಂತ ಕಡಿಮೆ ದೂರದಲ್ಲಿರಬೇಕಾದರೆ ‘ಹ’ ಎಂಬುದು ಎಪ್ಸಿಲಾನಿನ ಐದನೆಯ ಒಂದು ಭಾಗಕ್ಕಿಂತ ಚಿಕ್ಕದಾಗಿದ್ದರೆ ಸಾಕು. ಹಾಗಾಗಿ 2ನೆಯ ಸೆಕೆಂಡಿನ ಕ್ಷಣದಲ್ಲಿ ವೇಗ 20.

‘ಹ’ವನ್ನು ಶೂನ್ಯವೆಂದು ಹಾಕಿ 20 ಪಡೆದೆವೆಂದು ಬರೆಯಬೇಡಿ. ಭಾಗಿಸುವಾಗ ಶೂನ್ಯವಲ್ಲವೆಂದೂ ಆಮೇಲೆ ಶೂನ್ಯವೆಂದೂ ಹೇಳುವುದು ಸಲ್ಲದು ಎಂದು 1734ರಲ್ಲಿ ಬಿಷಪ್ ಬರ್ಕ್ಲಿ ನ್ಯೂಟನ್ನನ ಅನುಯಾಯಿಗಳನ್ನು ಹಿಡಿದು ಕೇಳಿದನು, ಅವನ ಆಕ್ಷೇಪ ನ್ಯಾಯವಾದದ್ದಾಗಿತ್ತು. ಮೇಲಿನ ಲೆಕ್ಕದಲ್ಲಿ ‘ಹ’ ಯಾವಾಗಲೂ ಶೂನ್ಯವಲ್ಲದ ಸಂಖ್ಯೆಯೇ. ಎಪ್ಸಿಲಾನಿನ ಸವಾಲಿಗೆ ಉತ್ತರ ಕೊಡುವುದರಿಂದ ಶೂನ್ಯ ಹಾಕುವ ಅಗತ್ಯವೇ ತಪ್ಪುತ್ತದೆ. ಅತ್ಯಲ್ಪ ರಾಶಿಗಳನ್ನು ನಿಜವಾದ ಸಂಖ್ಯೆಗಳಂತೆ ಬಳಸುವ ದಾರಿಯನ್ನು 1960ರ ದಶಕದಲ್ಲಿ ಅಬ್ರಹಾಂ ರಾಬಿನ್ಸನ್ ತರ್ಕಬದ್ಧವಾಗಿ ಕಟ್ಟಿಕೊಟ್ಟನು, ಆದರೆ ಮೊದಲ ಸಲ ಕಲಿಯುವವರಿಗೆ ಎಪ್ಸಿಲಾನ್ ದಾರಿಯೇ ನೇರವಾದದ್ದು.

ಕ್ಷಣದ ವೇಗ ಬೇಕೆಂಬ ಒತ್ತಾಯ ಯುರೋಪಿನ ಕಲನಶಾಸ್ತ್ರಕ್ಕಿಂತ ಹಳೆಯದು. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯನು ಗ್ರಹಗಳ ತಾತ್ಕಾಲಿಕ ಗತಿಯ, ಅಂದರೆ ಆಯಾ ಕ್ಷಣದ ವೇಗದ, ಲೆಕ್ಕವನ್ನು ಕೊಡುತ್ತಾನೆ. ಚಂದ್ರನ ವೇಗ ಒಂದೇ ದಿನದೊಳಗೆ ಗಮನಾರ್ಹವಾಗಿ ಬದಲಾಗುವುದರಿಂದ ಇಡೀ ದಿನದ ಸರಾಸರಿಯನ್ನು ಹಿಡಿದರೆ ಲೆಕ್ಕ ತಪ್ಪುತ್ತದೆ. ಆಯಾ ಹೊತ್ತಿನ ಗತಿಯೇ ಬೇಕು.

ಬರ್ಟ್ರಂಡ್ ರಸೆಲ್ 1903ರಲ್ಲಿ ಇದನ್ನೆಲ್ಲ ನಿಷ್ಠುರವಾಗಿ ಹೇಳಿದನು: ಚಲನೆ ಎಂದರೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಜಾಗಗಳಲ್ಲಿರುವುದು, ಅಷ್ಟೇ, ಒಂದು ಜಾಗದಿಂದ ಮುಂದಿನ ಜಾಗಕ್ಕೆ ಹೋಗುವುದೆಂಬ ಇನ್ನೊಂದು ಕ್ರಿಯೆ ಇಲ್ಲ, ಏಕೆಂದರೆ ‘ಮುಂದಿನ ಜಾಗ’ ಎಂಬುದೇ ಇಲ್ಲ. ಇದು ಬಹಳ ಜನರಿಗೆ ತೃಪ್ತಿ ಕೊಡುವುದಿಲ್ಲ. ಚಲನೆಯ ಒಳಹುರುಳನ್ನು ಗಣಿತ ಮುಟ್ಟುವುದಿಲ್ಲ ಎಂಬ ಆಕ್ಷೇಪವನ್ನು ತತ್ತ್ವಶಾಸ್ತ್ರದಲ್ಲಿ ಮುಂದುವರಿಸಬಹುದು. ಜೀನೋ ತೋರಿಸಿದ ಅಸಂಗತಿ ಮಾತ್ರ ಈ ವರ್ಣನೆಯಲ್ಲಿ ಉಳಿಯುವುದಿಲ್ಲ.

ಬಿಂದುಗಳನ್ನು ಎಣಿಸುವಾಗ ಎಚ್ಚರ

ಓಟದಲ್ಲಿ ಅಕಿಲಿಸ್ 100 ಮೀಟರ್ ಓಡಿದನು, ಆಮೆ 10 ಮೀಟರ್ ನಡೆಯಿತು. ಪ್ರತಿ ಕ್ಷಣದಲ್ಲಿ ಇಬ್ಬರೂ ಒಂದೊಂದು ಬಿಂದುವಿನಲ್ಲಿದ್ದರು. ಹಾಗಾದರೆ ಇಬ್ಬರೂ ದಾಟಿದ ಬಿಂದುಗಳ ಸಂಖ್ಯೆ ಒಂದೇ. ದೂರ ಹತ್ತು ಪಟ್ಟು ಬೇರೆಯಾದದ್ದು ಹೇಗೆ? ಅಕಿಲಿಸನ ಸ್ಥಾನವನ್ನು 10ರಿಂದ ಭಾಗಿಸಿ 90 ಕೂಡಿಸಿದರೆ ಅದೇ ಕ್ಷಣದ ಆಮೆಯ ಸ್ಥಾನ ಸಿಗುತ್ತದೆ, ಇದು ಒಂದಕ್ಕೊಂದರಂತೆ ಜೋಡಿಸುವ ನಿಯಮ. ಜೋಡಣೆ ನಿಜ, ಅದರಿಂದ ಉದ್ದಗಳು ಸಮ ಎಂದು ತೀರ್ಮಾನಿಸುವುದು ತಪ್ಪು. 1638ರಲ್ಲಿ ಗೆಲಿಲಿಯೋ ಸ್ವಾಭಾವಿಕ ಸಂಖ್ಯೆಗಳನ್ನು ಅವುಗಳ ವರ್ಗಗಳೊಡನೆ ಹೀಗೆಯೇ ಜೋಡಿಸಿ, ಅನಂತ ರಾಶಿಗಳಲ್ಲಿ ‘ಹೆಚ್ಚು, ಕಡಿಮೆ, ಸಮ’ ಎಂಬ ಮಾತುಗಳೇ ಸಲ್ಲವೆಂದು ಕೈಬಿಟ್ಟನು. ಜರ್ಮನಿಯ ಗಣಿತಜ್ಞ ಕ್ಯಾಂಟರ್ ಕೈಬಿಡಲಿಲ್ಲ. ಜೋಡಣೆಯನ್ನೇ ಎಣಿಕೆಯ ವ್ಯಾಖ್ಯೆಯಾಗಿ ಸ್ವೀಕರಿಸಿ, ಭಾಗಲಬ್ಧ ಸಂಖ್ಯೆಗಳನ್ನು 1, 2, 3 ಎಂದು ಸಾಲಾಗಿ ಎಣಿಸಬಹುದೆಂದೂ ವಾಸ್ತವ ಸಂಖ್ಯೆಗಳನ್ನು ಹಾಗೆ ಎಣಿಸಲಾಗದೆಂದೂ ತೋರಿಸಿದನು. ಎರಡನೆಯದರ ಮೊದಲ ಸಾಧನೆ ಪ್ರಕಟವಾದದ್ದು 1874ರಲ್ಲಿ.

ಉದ್ದವಿಲ್ಲದ ಬಿಂದುಗಳಿಂದ ಉದ್ದ ಹೇಗೆ ಬಂತು ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರದ ಎಳೆ ಇದೆ. ಸಾಲಾಗಿ ಎಣಿಸಬಹುದಾದ ಬಿಂದುಗಳಲ್ಲಿ ಮೊದಲನೆಯದನ್ನು ಎಪ್ಸಿಲಾನಿನ ಅರ್ಧದಷ್ಟು ಉದ್ದದ ತುಣುಕಿನಿಂದ ಮುಚ್ಚಿ, ಎರಡನೆಯದನ್ನು ಕಾಲುಭಾಗದಷ್ಟರಿಂದ, ಮೂರನೆಯದನ್ನು ಎಂಟನೆಯ ಒಂದು ಭಾಗದಷ್ಟರಿಂದ. ಎಲ್ಲವನ್ನೂ ಮುಚ್ಚಿದ ತುಣುಕುಗಳ ಒಟ್ಟು ಉದ್ದ ಎಪ್ಸಿಲಾನನ್ನು ಮೀರುವುದಿಲ್ಲ, ಅಂದರೆ ಭಾಗಲಬ್ಧ ಬಿಂದುಗಳೆಲ್ಲ ಸೇರಿದರೂ ಅವುಗಳ ಉದ್ದ ಶೂನ್ಯ. ಶೂನ್ಯಗಳನ್ನು ಕೂಡಿಸಿದರೆ ಶೂನ್ಯವೇ ಎಂಬ ನಿಯಮ ಎಣಿಸಬಹುದಾದ ರಾಶಿಗಳ ವರೆಗೆ ಮಾತ್ರ ನಡೆಯುತ್ತದೆ. ವಾಸ್ತವ ಸಂಖ್ಯೆಗಳ ರೇಖೆಯನ್ನು ಹಾಗೆ ಸಾಲುಹಚ್ಚಿ ಕೂಡಿಸಲು ಬರುವುದಿಲ್ಲ.

ವೇಗ ಸಿಗದ ಚಲನೆ

ಸಾತತ್ಯ ಇದ್ದಲ್ಲೆಲ್ಲ ವೇಗವೂ ಸಿಗುತ್ತದೆ ಎಂದು ಭಾವಿಸಬಾರದು. ಗೋಡೆಗೆ ಬಡಿದು ಹಿಂದಿರುಗುವ ಚೆಂಡಿಗೆ, ಬಡಿದ ಕ್ಷಣದಲ್ಲಿ ಹಿಂದಿನ ಕಡೆಯ ಸರಾಸರಿ ಒಂದು, ಮುಂದಿನ ಕಡೆಯ ಸರಾಸರಿ ಇನ್ನೊಂದು. ಆದರ್ಶ ಲೆಕ್ಕದಲ್ಲಿ ಆ ಒಂದು ಕ್ಷಣಕ್ಕೆ ವೇಗವಿಲ್ಲ. ಎರಡೂ ಕಡೆಯಿಂದ ಲೆಕ್ಕ ಹಾಕಲು ಹೇಳಿದ್ದು ಇದಕ್ಕಾಗಿಯೇ. 1872ರಲ್ಲಿ ವೈಯರ್‌ಸ್ಟ್ರಾಸ್ ಇದಕ್ಕಿಂತ ವಿಚಿತ್ರವಾದ ವಕ್ರರೇಖೆಯನ್ನು ಮುಂದಿಟ್ಟನು: ಎಲ್ಲಿಯೂ ಬಿರುಕಿಲ್ಲ, ಆದರೆ ಯಾವ ಬಿಂದುವಿನಲ್ಲಿಯೂ ಅದಕ್ಕೆ ಇಳಿಜಾರು (ಕಾಲಕ್ಕೆ ಎದುರಾಗಿ ಸ್ಥಾನವನ್ನು ಎಳೆದ ರೇಖೆಯಲ್ಲಿ ವೇಗವೆಂದರೆ ಇದೇ) ಸಿಗುವುದಿಲ್ಲ.

ಇದು ಬರೀ ಗಣಿತಜ್ಞರ ಕುಚೋದ್ಯವಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳು ಎತ್ತೆತ್ತಲೋ ನಡುಗುತ್ತ ಸರಿಯುವ ಬ್ರೌನಿಯನ್ ಚಲನೆಗೆ ನಾರ್ಬರ್ಟ್ ವೀನರ್ 1923ರಲ್ಲಿ ಕಟ್ಟಿಕೊಟ್ಟ ಗಣಿತದ ಮಾದರಿಯಲ್ಲಿ ಕಣದ ದಾರಿ ಇಂಥದ್ದೇ. ಅಲ್ಲಿ ‘ಹ’ದಷ್ಟು ಅವಧಿಯಲ್ಲಿ ಕಣ ಸರಿಯುವ ದೂರ ಸಾಮಾನ್ಯವಾಗಿ ‘ಹ’ದ ವರ್ಗಮೂಲದ ಪ್ರಮಾಣದಲ್ಲಿರುತ್ತದೆ. ಬಾಣಕ್ಕೆ ಮಾಡಿದ ಲೆಕ್ಕವನ್ನೇ ಇಲ್ಲಿ ಮಾಡಿ ನೋಡಿ: ‘ಹ’ 0.01 ಆದರೆ ದೂರ 0.1, ಸರಾಸರಿ ವೇಗ 10, ‘ಹ’ 0.0001 ಆದರೆ ದೂರ 0.01, ಸರಾಸರಿ ವೇಗ 100; ‘ಹ’ 0.000001 ಆದರೆ 1000. ಅವಧಿಯನ್ನು ಕುಗ್ಗಿಸಿದಷ್ಟೂ ಉತ್ತರ ಹಿಗ್ಗುತ್ತದೆ, ಎಲ್ಲಿಯೂ ನೆಲೆಗೊಳ್ಳುವುದಿಲ್ಲ. ಇಂಥ ಚಲನೆ ಎದುರಾದಾಗ ಕ್ಷಣದ ವೇಗವನ್ನು ಕೇಳುವುದನ್ನು ಬಿಟ್ಟು, ವೇಗವನ್ನು ಹೇಳುವಾಗಲೆಲ್ಲ ಅಳತೆಯ ಅವಧಿಯನ್ನೂ ಜೊತೆಗೆ ಬರೆಯಬೇಕು. ಅದಕ್ಕಿಂತ ಒಳ್ಳೆಯ ಅಳತೆ, ಸರಿದ ದೂರದ ವರ್ಗದ ಸರಾಸರಿ. 1905ರಲ್ಲಿ ಐನ್‌ಸ್ಟೈನ್ ತೋರಿಸಿದಂತೆ ಅದು ಕಾಲಕ್ಕೆ ನೇರ ಅನುಪಾತದಲ್ಲಿ ಬೆಳೆಯುವುದರಿಂದ, ಅದನ್ನು ಕಾಲದಿಂದ ಭಾಗಿಸಿದರೆ ಅವಧಿ ಯಾವುದೇ ಇರಲಿ ಒಂದೇ ಸಂಖ್ಯೆ ಸಿಗುತ್ತದೆ.